ಆಗಿನ ಕಾಲದಲ್ಲಿ ಎಲ್ಲರೂ ಹಂಗೇ ಇದ್ರಾ?

ಮೊನ್ನೆ ಭಾನುವಾರ ನಮ್ಮಕ್ಕನ ಮಗ ಮನೆಗೆ ಬಂದಿದ್ದ, ಫಿಲಾಸಫಿ ಎಂಎ ಓದ್ತಿದಾನೆ. ಹದಿನೆಂಟನೇ ಶತಮಾನದ ಜರ್ಮನ್ ಫಿಲಾಸಫರ್ ಕಾಂಟ್ ಕಪ್ಪು ಜನರ ಬಗ್ಗೆ ಬರೆದಿರೋದನ್ನ ನಾನು ಎತ್ತಿದ್ದೇ ತಡ, "ಮಾವ, ಆಗಿನ ಕಾಲದಲ್ಲಿ ಎಲ್ಲರೂ ಹಂಗೇ ಇದ್ರು, ಈಗಿನ ತಕ್ಕಡೀಲಿ ಅವರನ್ನ ತೂಗಬಾರ್ದು" ಅಂದ. ಅಷ್ಟರಲ್ಲಿ ಊಟಕ್ಕೆ ಕರೆದ್ರು, ಮಾತು ಅಲ್ಲಿಗೇ ನಿಂತೋಯ್ತು. ಉತ್ತರ ಇಲ್ಲೇ ಬರೀತಿದೀನಿ, ಅವನೂ ಓದ್ತಾನೆ.

ಮೊದಲು ಹ್ಯೂಮ್, ಅದೇ ಕಾಲದ ಸ್ಕಾಟ್ಲೆಂಡಿನ ಫಿಲಾಸಫರ್. 1748ರಲ್ಲಿ ದೇಶ ದೇಶದ ಜನರ ಸ್ವಭಾವದ ಮೇಲೆ ಒಂದು ಪ್ರಬಂಧ ಬರೆದ, ಐದಾರು ವರ್ಷ ಆದ್ಮೇಲೆ ಅದಕ್ಕೊಂದು ಅಡಿಟಿಪ್ಪಣಿ ಸೇರಿಸಿದ. ಕಪ್ಪು ಜನ ಹುಟ್ಟಿನಿಂದಲೇ ಬಿಳಿಯರಿಗಿಂತ ಕೀಳು ಅಂತ ನನಗೆ ಗುಮಾನಿ, ಜಮೈಕಾದಲ್ಲಿ ಯಾರೋ ಒಬ್ಬ ವಿದ್ಯಾವಂತ ಇದಾನೆ ಅಂತಾರಪ್ಪ, ನಾಲ್ಕು ಮಾತು ಸ್ಪಷ್ಟವಾಗಿ ಆಡೋ ಗಿಳಿ ಥರ ಇರ್ಬೇಕು, ಅಂತ. ಆ ಗಿಳಿ ಅಂದ್ರೆ ಫ್ರಾನ್ಸಿಸ್ ವಿಲಿಯಮ್ಸ್, ಲ್ಯಾಟಿನ್‌ನಲ್ಲಿ ಕವಿತೆ ಬರೀತಿದ್ದವನು. ಅವನದೊಂದು ಪೇಂಟಿಂಗ್ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ, ನೆಟ್‌ನಲ್ಲೂ ಸಿಗತ್ತೆ ನೋಡಿ. ವಿಗ್ ಹಾಕ್ಕೊಂಡು, ಹಿಂದೆ ಪುಸ್ತಕದ ಕಪಾಟು, ಪಕ್ಕದಲ್ಲಿ ಗ್ಲೋಬು. ಕಾಲು ಕಡ್ಡಿ ಥರ ಇರೋದ್ರಿಂದ ಎಷ್ಟೋ ವರ್ಷ ಇದನ್ನ ಕ್ಯಾರಿಕೇಚರ್ ಅಂತಲೇ ಅಂದುಕೊಂಡಿದ್ರು. ಈಗ ಸ್ಕ್ಯಾನ್ ಮಾಡಿ ನೋಡಿದ ಇತಿಹಾಸಕಾರರೊಬ್ಬರು ಹೇಳೋದು, ಅವನ ಮುಂದೆ ತೆರೆದಿರೋದು ನ್ಯೂಟನ್‌ನ ಪ್ರಿನ್ಸಿಪಿಯಾ, ಕಿಟಕಿ ಆಚೆ ಕಾಣೋದು ಹ್ಯಾಲಿ ಧೂಮಕೇತು ಅಂತ. ಗಿಳಿ!

ಇನ್ನು ಕಾಂಟ್. 1764ರ ಪುಸ್ತಕದಲ್ಲಿ ಒಂದು ಕಥೆ ಬರತ್ತೆ. ಹೆಂಡ್ತೀರ ಮೇಲೆ ದರ್ಪ ತೋರಿಸ್ತೀಯ ಅಂತ ಪಾದ್ರಿಯೊಬ್ಬ ಕಪ್ಪು ಬಡಗಿನ ಬೈತಾನೆ, ಅದಕ್ಕೆ ಆ ಬಡಗಿ, ನೀವು ಬಿಳಿಯರೇ ದಡ್ಡರು, ಮೊದಲು ಹೆಂಡ್ತೀರಿಗೆ ಸಲಿಗೆ ಕೊಡ್ತೀರಿ, ಆಮೇಲೆ ತಲೆ ಕೆಡಿಸ್ತಾರೆ ಅಂತ ಗೋಳಾಡ್ತೀರಿ ಅಂತಾನೆ. ಇದ್ರಲ್ಲಿ ಯೋಚಿಸೋ ಅಂಥದ್ದೇನೋ ಇದ್ರೂ ಇರಬಹುದು ಅಂತ ಶುರು ಮಾಡೋ ಕಾಂಟ್, ಆದ್ರೆ ಇವನು ಅಡಿಯಿಂದ ಮುಡಿವರೆಗೂ ಕಪ್ಪಗಿದ್ದ, ಅವನು ಹೇಳಿದ್ದು ಪೆದ್ದುಮಾತು ಅನ್ನೋಕೆ ಅದೇ ಪುರಾವೆ ಅಂತ ಮುಗಿಸ್ತಾನೆ. ತರ್ಕಶಾಸ್ತ್ರ ಪಾಠ ಮಾಡ್ತಿದ್ದ ಮನುಷ್ಯ ಕಣ್ರೀ. ಬಡಗಿ ಹೇಳಿದ್ದು ತಪ್ಪೇ ಅಂತಿಟ್ಕೊಳ್ಳಿ, ತಪ್ಪು ಅನ್ನೋಕೆ ಕೊಟ್ಟ ಕಾರಣ ನೋಡಿ.

ಅದೇ ಪುಸ್ತಕದಲ್ಲಿ ಹ್ಯೂಮ್‌ನ ಸವಾಲನ್ನೂ ಎತ್ತಿ ಆಡ್ತಾನೆ, ಪ್ರತಿಭೆ ಇರೋ ಒಬ್ಬೇ ಒಬ್ಬ ನೀಗ್ರೋನ ತೋರಿಸಿ ಅಂತ. ಈಗಿನ ಘಾನಾದಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ಯುರೋಪಿಗೆ ಬಂದ ಆಂಟನ್ ವಿಲ್ಹೆಲ್ಮ್ ಆಮೊ 1734ರಲ್ಲೇ ವಿಟೆನ್‌ಬರ್ಗ್‌ನಲ್ಲಿ ಫಿಲಾಸಫಿ ಪ್ರಬಂಧ ಮಂಡಿಸಿ, ಹಾಲೆಯಲ್ಲಿ ಪಾಠ ಮಾಡಿದ್ದ. ಹಾಲೆ ಇದ್ದಿದ್ದೂ ಪ್ರಷ್ಯಾದಲ್ಲೇ, ಕಾಂಟ್‌ನ ರಾಜ್ಯದಲ್ಲೇ! ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಫಿಲಾಸಫಿ ಪಾಠ ಮಾಡ್ತಿದ್ದ ಜೇಮ್ಸ್ ಬೀಟಿ 1770ರಲ್ಲೇ ಹ್ಯೂಮ್‌ಗೆ ನೇರವಾಗಿ ಉತ್ತರ ಕೊಟ್ಟ, ಎರಡು ಸಾವಿರ ವರ್ಷದ ಹಿಂದೆ ನಮ್ಮ ಬ್ರಿಟನ್ನಿನವರೇ ಕಾಡುಜನ ಅಲ್ವಾ, ಓದು ಬರಹ ಕಲಿಸದೆ ಗುಲಾಮನಾಗಿ ಇಟ್ಕೊಂಡು ಪ್ರತಿಭೆ ಎಲ್ಲಿ ಅಂತ ಕೇಳಿದ್ರೆ ಹೆಂಗೆ ಅಂತ. ಕಾಂಟ್‌ನ ಶಿಷ್ಯ ಹರ್ಡರ್ ಕೂಡ ರೇಸ್ ಅನ್ನೋ ಮಾತನ್ನೇ ಒಪ್ಪಲಿಲ್ಲ. ಎಲ್ಲರೂ ಹಂಗೇ ಇದ್ರಂತೆ! ಹಂಗಲ್ಲ ಅನ್ನೋರು ಪಕ್ಕದಲ್ಲೇ ಇದ್ರು. ಕಾಂಟ್ 1795ರ ಹೊತ್ತಿಗೆ ವಸಾಹತು ಮಾಡೋರನ್ನ ಬೈದಿದಾನೆ, ಅದನ್ನೂ ಹೇಳ್ಬೇಕು, ಇಲ್ಲಾಂದ್ರೆ ನಮ್ಮ ಹುಡುಗ ಬಿಡಲ್ಲ.

ಇವರಿಗೂ ಮುಂಚೆ, 1684ರಲ್ಲಿ, ಔರಂಗಜೇಬನ ಕಾಲದಲ್ಲಿ ಇಲ್ಲಿದ್ದು ಹೋದ ಫ್ರೆಂಚ್ ಡಾಕ್ಟರ್ ಬರ್ನಿಯೆ ಮನುಷ್ಯರನ್ನ ನಾಲ್ಕೈದು ಜಾತಿ ಮಾಡಿದ್ದ. ತಮಾಷೆ ಏನಂದ್ರೆ ಯುರೋಪಿನವರ ಗುಂಪಲ್ಲೇ ನಮ್ಮ ಬಿಜಾಪುರವನ್ನೂ ಸೇರಿಸಿದಾನೆ, ಕಪ್ಪಗಿದಾರೆ ನಿಜ, ಆದ್ರೆ ಅದು ಬಿಸಿಲಿಗೆ ಅಂತೆ. ನಮ್ಮತ್ತೆ ಹುಡುಗನ ಫೋಟೋ ತೋರಿಸುವಾಗ "ಮೂಲದಲ್ಲಿ ಬೆಳ್ಳಗಿದ್ದ, ಸೈಟಲ್ಲಿ ಕೆಲಸ ಅಲ್ವಾ, ಬಿಸಿಲಿಗೆ ಕಂದಿದಾನೆ" ಅಂದಿದ್ರಲ್ಲ, ಡಿಟ್ಟೋ. ಅದೇ ಬಿಜಾಪುರದಲ್ಲಿ ಬರ್ನಿಯೆಗಿಂತ ಸ್ವಲ್ಪ ಮುಂಚೆ ಹಬಶಿ, ಅಂದ್ರೆ ಆಫ್ರಿಕಾ ಮೂಲದ, ಇಖ್ಲಾಸ್ ಖಾನ್ ಮುಖ್ಯಮಂತ್ರಿಯ ಮಟ್ಟಕ್ಕೆ ಏರಿ ರಾಜ್ಯಭಾರ ನಡೆಸಿದ್ದ.

ಈಗ ಏನಂತಾರೆ? 1972ರಲ್ಲಿ ಅಮೆರಿಕದ ಜೀವವಿಜ್ಞಾನಿ ಲೆವೊಂಟಿನ್ ಲೆಕ್ಕ ಹಾಕಿ ತೋರಿಸಿದ್ರು, ಮನುಷ್ಯರ ನಡುವಿನ ಜೆನೆಟಿಕ್ ವ್ಯತ್ಯಾಸದಲ್ಲಿ ಸುಮಾರು 85 ಪರ್ಸೆಂಟ್ ಒಂದೇ ಗುಂಪಿನ ಒಳಗೇ ಇರತ್ತೆ. ಹಂಗಂತ ಎಲ್ಲ ಸರಿಹೋಯ್ತು ಅಂತಲ್ಲ. ಅಮೆರಿಕದಲ್ಲಿ ಕಿಡ್ನಿ ಎಷ್ಟು ಕೆಲಸ ಮಾಡ್ತಿದೆ ಅಂತ ರಕ್ತದಲ್ಲಿರೋ ಕ್ರಿಯಾಟಿನಿನ್ ಅನ್ನೋ ತ್ಯಾಜ್ಯದಿಂದ ಲೆಕ್ಕ ಹಾಕೋ ಸೂತ್ರದಲ್ಲಿ, ರೋಗಿ ಕಪ್ಪು ಜನಾಂಗದವರಾದ್ರೆ ನಂಬರ್ ಜಾಸ್ತಿ ಮಾಡ್ತಿದ್ರು, 15ರಿಂದ 20 ಪರ್ಸೆಂಟಿನಷ್ಟು. ಕಿಡ್ನಿ ಇರೋದಕ್ಕಿಂತ ಚೆನ್ನಾಗಿ ಕಾಣ್ತಿತ್ತು, ಟ್ರಾನ್ಸ್‌ಪ್ಲಾಂಟ್ ಲಿಸ್ಟಿಗೆ ಹೆಸರು ಬರೋದು ತಡ ಆಗ್ತಿತ್ತು. ಅದನ್ನ ಕೈಬಿಟ್ಟ ಹೊಸ ಸೂತ್ರ ಬಂದಿದ್ದು 2021ರಲ್ಲಿ.

ಇದೆಲ್ಲ ಟೈಪ್ ಮಾಡ್ತಿರುವಾಗಲೇ ಅವನಿಗೆ ವಾಟ್ಸಾಪ್ ಮಾಡಿದೆ. "ಹಂಗಾದ್ರೆ ಕಾಂಟ್ ಓದ್ಲೇಬಾರ್ದಾ ಮಾವ?" ಅಂದ. ಓದಪ್ಪ, ಬೇಡ ಅಂದೋರು ಯಾರು, ಆ ಬಡಗಿ ಇರೋ ಪುಟಾನೂ ಸೇರಿಸಿ ಓದು ಅಂದೆ. ಆಮೊ ನಿಮ್ಮ ಸಿಲಬಸ್ಸಲ್ಲಿ ಇದಾನಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು ರಿಪ್ಲೈ ಬಂತು, "ಯಾರವನು?"