ಸಿಸ್ಟಮ್ ಮ್ಯಾನೇಜರನ್ನು ಕಾಣಿರಿ

ಹುಬ್ಬಳ್ಳಿಯಲ್ಲಿ ಜಗತ್ತಿನ ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ಇದೆ. 1,507 ಮೀಟರ್. ಬೋಗಿ ಎಲ್ಲಿ ನಿಲ್ಲುತ್ತದೆಂದು ಗೊತ್ತಿಲ್ಲದವರು ಸೂಟ್‌ಕೇಸ್ ಎಳೆದುಕೊಂಡು ಈ ತುದಿಯಿಂದ ಆ ತುದಿಗೆ ಹೋದರೆ ಅವತ್ತಿನ ವಾಕಿಂಗ್ ಮುಗಿದ ಹಾಗೆ. ಗಿನ್ನೆಸ್ ದಾಖಲೆಯೂ ಆಯ್ತು, ಸೆಲ್ಫಿಯೂ ಆಯ್ತು. ಆದರೆ ಅಲ್ಲಿ ನಿಲ್ಲುವ ರೈಲುಗಳ ಸೀಟು ಹಂಚುವ ಕಂಪ್ಯೂಟರನ್ನು ಮಾತ್ರ ಯಾರೂ ಕೇಳುವುದಿಲ್ಲ.

ಅದು ಓಡುವುದು ಓಪನ್‌ವಿಎಂಎಸ್ ಎಂಬ ಆಪರೇಟಿಂಗ್ ಸಿಸ್ಟಮ್ ಮೇಲೆ, ಹಳೆಯ ಹೆಸರು ವಿಎಂಎಸ್. ನಾನು ಹೇಳಿದ್ದಲ್ಲ, 2025ರಲ್ಲಿ ರೈಲ್ವೆ ಸಚಿವಾಲಯವೇ ಸಂಸತ್ತಿಗೆ ಹೇಳಿದ್ದು. ಈಗಿನ ರಿಸರ್ವೇಶನ್ ವ್ಯವಸ್ಥೆ 2010ರದ್ದು, ಐಟೇನಿಯಂ ಸರ್ವರ್ ಮತ್ತು ಓಪನ್‌ವಿಎಂಎಸ್ ಮೇಲೆ ನಿಂತಿದೆ, ಇನ್ನು ಕ್ಲೌಡಿಗೆ ಏರಿಸಬೇಕು ಅಂತ. ಐಟೇನಿಯಂ ಚಿಪ್ ಕಳಿಸುವುದನ್ನು ಇಂಟೆಲ್ 2021ರಲ್ಲೇ ನಿಲ್ಲಿಸಿದೆ. ವಿಎಂಎಸ್ ಇನ್ನೂ ಹಳೆಯದು. 1977ರಲ್ಲಿ ಡಿಜಿಟಲ್ ಕಂಪನಿಯ ವ್ಯಾಕ್ಸ್ ಯಂತ್ರದ ಜೊತೆ ಬಂದದ್ದು. ಡಿಜಿಟಲನ್ನು 1998ರಲ್ಲಿ ಕಾಂಪ್ಯಾಕ್ ನುಂಗಿತು, ಕಾಂಪ್ಯಾಕನ್ನು 2002ರಲ್ಲಿ ಎಚ್‌ಪಿ ನುಂಗಿತು. ವಿಎಂಎಸ್ ಮಾತ್ರ ಯಾರ ಹೊಟ್ಟೆಯಲ್ಲೂ ಕರಗಲಿಲ್ಲ. 2014ರಿಂದ ಅದನ್ನು ವಿಎಂಎಸ್ ಸಾಫ್ಟ್‌ವೇರ್ ಎಂಬ ಅಮೆರಿಕದ ಕಂಪನಿ ಸಾಕುತ್ತಿದೆ.

ಧಾರವಾಡದ ಸಪ್ತಾಪುರದಲ್ಲಿ ನಮ್ಮ ಕಾಕಾ ಒಬ್ಬರಿದ್ದಾರೆ. ರಿಟೈರ್ ಆದವರು. ಸಂಜೆಯಾದರೆ ಲ್ಯಾಪ್‌ಟಾಪ್ ತೆರೆದು, ಅದರೊಳಗೆ ಸಿಮ್‌ಎಚ್ ಎಂಬ ಪುಕ್ಕಟೆ ಸಾಫ್ಟ್‌ವೇರಿನಿಂದ ಒಂದು ಸುಳ್ಳು ವ್ಯಾಕ್ಸ್ ಕಟ್ಟಿ, ಅದರೊಳಗೆ ವಿಎಂಎಸ್ ಎಬ್ಬಿಸುತ್ತಾರೆ. ಯಾರಿಗೂ ತೊಂದರೆ ಇಲ್ಲದ ಚಟ. ಇಂಥವರಿಗೆಂದೇ 1997ರಲ್ಲಿ ಹವ್ಯಾಸಿ ಲೈಸೆನ್ಸ್ ಶುರುವಾಗಿತ್ತು. ದುಡ್ಡಿಲ್ಲ, ಆದರೆ ವರ್ಷಕ್ಕೊಮ್ಮೆ ಹೊಸದು ಪಡೆಯಬೇಕು. ನವೆಂಬರ್ ಬಂತೆಂದರೆ ಪೆನ್ಶನ್‌ದಾರರು ಬ್ಯಾಂಕಿಗೆ ಹೋಗಿ ತಾವಿನ್ನೂ ಬದುಕಿದ್ದೇವೆಂದು ಬರೆದುಕೊಡುತ್ತಾರಲ್ಲ, ಹಾಗೆ. ಇಲ್ಲಿ ಬರೆದುಕೊಡುವವರು ಗಟ್ಟಿಯಾಗೇ ಇದ್ದರು, ಕೌಂಟರೇ ತೀರಿಕೊಂಡಿತು. ಇನ್ನು ಮುಂದೆ ಕೊಡುವುದಿಲ್ಲ ಅಂತ ಎಚ್‌ಪಿಯ ಕವಲಾದ ಎಚ್‌ಪಿಇ 2020ರಲ್ಲಿ ಹೇಳಿತು. ಕೊಟ್ಟಿದ್ದ ಲೈಸೆನ್ಸುಗಳೂ 2021ರ ಡಿಸೆಂಬರ್ 31ಕ್ಕೆ ಮುಗಿದವು. ಹೊಸ ಕಂಪನಿಯನ್ನು ಕೇಳೋಣ ಅಂದರೆ, ವ್ಯಾಕ್ಸಿನ ಹಕ್ಕು ಅವರ ಹತ್ತಿರ ಇಲ್ಲ.

ಲೈಸೆನ್ಸ್ ಸತ್ತ ಮೇಲೆ ಒಳಗೆ ಹೋದರೆ ಪರದೆಯ ಮೇಲೆ ಬೈಗುಳ ಬರುತ್ತದೆ, ಅದೂ ಬಹಳ ಮರ್ಯಾದೆಯಿಂದ. ಇದನ್ನು ಬಳಸಲು ನಿಮಗೆ ಅನುಮತಿಯಿಲ್ಲ, ದಯವಿಟ್ಟು ನಿಮ್ಮ ಸಿಸ್ಟಮ್ ಮ್ಯಾನೇಜರನ್ನು ಕಾಣಿರಿ. ಕಾಕಾ ಕನ್ನಡಕ ತೆಗೆದಿಟ್ಟು ನನ್ನ ಮುಖ ನೋಡಿದರು. "ಅಂವ ನಾನ ಅಲ್ಲೇನು? ಈಗ ಕನ್ನಡಿ ಮುಂದ ನಿಂತು ನನಗ ನಾನ ಅರ್ಜಿ ಕೊಡ್ಲೇನಪಾ?"

ವ್ಯಾಕ್ಸ್ ಬಿಡಿ, ಅದರ ನಂತರ ಬಂದ ಆಲ್ಫಾ ಮತ್ತು ಐಟೇನಿಯಂ ಯಂತ್ರಗಳಿಗೆ ಹೊಸ ಕಂಪನಿ ಪುಕ್ಕಟೆ ಲೈಸೆನ್ಸ್ ಕೊಟ್ಟಿತ್ತು. 2024ರಲ್ಲಿ ಅದಕ್ಕೂ ಬೇಸರ ಬಂತು. ತಗೊಂಡವರು ಜಾಸ್ತಿ, ತಿರುಗಿ ಏನಾದರೂ ಬರೆದುಕೊಟ್ಟವರು ಕಡಿಮೆ ಎಂಬುದು ದೂರು. ಅವರದೂ ಹೊಟ್ಟೆಪಾಡು, ಇಲ್ಲ ಅನ್ನಲಾಗದು. ಆದರೆ ಹವ್ಯಾಸಿಯಿಂದ ಹಾಜರಿ ಪುಸ್ತಕ ಕೇಳಿದ್ದು ಇದೇ ಮೊದಲಿರಬೇಕು. ಹೊಸಬರಿಗೆ ಆ ಎರಡೂ ಬಂದ್. ಉಳಿದದ್ದು ಈಗಿನ ಕಂಪ್ಯೂಟರಿಗೆ ಹೊಂದುವ, ಎಲ್ಲ ಹಾಕಿಟ್ಟ ಒಂದು ರೆಡಿಮೇಡ್ ಡಿಸ್ಕ್. ಅದರ ಆಯುಷ್ಯ ಒಂದು ವರ್ಷ. ಆಮೇಲೆ ಹೊಸ ಡಿಸ್ಕ್ ಇಳಿಸಿಕೊಂಡು ನಿಮ್ಮ ಸಾಮಾನು ನೀವೇ ಸಾಗಿಸಿಕೊಳ್ಳಿ.

ಇಲ್ಲೇ ಇರುವುದು ಮಜಾ. ವಿಎಂಎಸ್‌ನಲ್ಲಿ ಒಂದು ಫೈಲನ್ನು ತಿದ್ದಿ ಉಳಿಸಿದರೆ ಹಳೆಯದು ಅಳಿಯುವುದಿಲ್ಲ. ಹೆಸರಿನ ಕೊನೆಗೆ 1, 2, 3 ಅಂತ ನಂಬರ್ ಹಾಕಿಕೊಂಡು ಎಲ್ಲವೂ ಸಾಲಾಗಿ ಕೂತಿರುತ್ತವೆ, ಯಾರಾದರೂ ಪರ್ಜ್, ಅಂದರೆ ಹಳೆಯವನ್ನು ಅಳಿಸು, ಅನ್ನುವ ತನಕ. ಹಳೆಯದನ್ನು ಕಳೆಯದ ಇಂಥ ಸಿಸ್ಟಮ್ಮನ್ನು ಕಲಿಯಬೇಕೆಂದರೆ ವರ್ಷಕ್ಕೊಮ್ಮೆ ಮನೆ ಖಾಲಿ ಮಾಡಬೇಕು! ಇನ್ನೊಂದು ಕಡೆ, ವಿಎಂಎಸ್ ಬಲ್ಲವರೆಲ್ಲ ರಿಟೈರ್ ಆಗುತ್ತಿದ್ದಾರೆ, ಹುಡುಗರು ಬರುತ್ತಿಲ್ಲ ಅಂತ ಗೋಳು ಬೇರೆ.

ಸುಮ್ನೆ ಒಂದು ಸಲಹೆ. ಲೈಸೆನ್ಸ್ ಹಂಚುವ ಕೆಲಸವನ್ನು ಕ್ಲೌಡಿಗೆ ಏರುವ ಮೊದಲು ರೈಲ್ವೆ ಕೌಂಟರಿಗೇ ಕೊಡಲಿ. ಹುಬ್ಬಳ್ಳಿಯಲ್ಲಿ ಕ್ಯೂ ನಿಲ್ಲಲು ಜಾಗಕ್ಕಂತೂ ಕೊರತೆಯಿಲ್ಲ. ಬೆಳಿಗ್ಗೆ 11ಕ್ಕೆ ತತ್ಕಾಲ್. ಸಿಗದವರಿಗೆ ವೇಟಿಂಗ್ ಲಿಸ್ಟ್. ಆಲ್ಫಾದವರಿಗೆ ಆರ್‌ಎಸಿ, ಇಬ್ಬರಿಗೆ ಒಂದು ಲೈಸೆನ್ಸ್, ರಾತ್ರಿಯಿಡೀ ಕೂತೇ ಇರಬೇಕು. ಹಿರಿಯ ನಾಗರಿಕರ ರಿಯಾಯಿತಿ ಮಾತ್ರ ಕೇಳಬೇಡಿ ಅಂತ ಕಾಕಾಗೆ ಈಗಲೇ ಹೇಳಿಟ್ಟಿದ್ದೇನೆ. ರೈಲ್ವೆಯವರು ಅದನ್ನೂ 2020ರಲ್ಲೇ ನಿಲ್ಲಿಸಿದ್ದಾರೆ.