ಚಾವಣಿ ಸೋಲಾರ್ ಮತ್ತು ಮಳೆಗಾಲದ ಕತ್ತಲೆ: ಒಂದು ಸ್ಪಷ್ಟನೆ

ಚಾವಣಿಗೆ ಸೋಲಾರ್ ಹಾಕಿಸಿದರೆ ಮಳೆಗಾಲದಲ್ಲಿ ಕರೆಂಟ್ ಹೋಗುವ ಚಿಂತೆಯೇ ಇಲ್ಲ ಎಂಬ ಮಾತು ಮಡಿಕೇರಿ, ವಿರಾಜಪೇಟೆ ಸುತ್ತಮುತ್ತ ಹರಿದಾಡುತ್ತಿದೆ. ಅದು ಸರಿಯಲ್ಲ. 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಡಿ 3 ಕಿಲೋವಾಟ್ ಮತ್ತು ಅದಕ್ಕಿಂತ ದೊಡ್ಡ ಘಟಕಕ್ಕೆ 78,000 ರೂಪಾಯಿವರೆಗೆ ಕೇಂದ್ರದ ಸಹಾಯಧನ ಸಿಗುತ್ತದೆ ಎಂಬುದು ನಿಜ; ಆದರೆ ಬ್ಯಾಟರಿಯಿಲ್ಲದೆ, ವಿದ್ಯುತ್ ಪೂರೈಕೆ ಜಾಲವಾದ ಗ್ರಿಡ್‌ಗೆ ಜೋಡಿಸಿದ ಸಾಮಾನ್ಯ ಘಟಕವು, ಬಿಸಿಲು ಎಷ್ಟೇ ಇದ್ದರೂ, ಲೈನ್‌ನಲ್ಲಿ ವಿದ್ಯುತ್ ನಿಂತೊಡನೆ ತಾನೂ ನಿಲ್ಲುತ್ತದೆ.

ಜೀವರಕ್ಷಣೆಗಾಗಿಯೇ ಅದನ್ನು ಹಾಗೆ ರೂಪಿಸಲಾಗಿದೆ. ತೋಟದಂಚಿನ ಸಿಲ್ವರ್ ಮರ ಬಿದ್ದು ತಂತಿ ಹರಿದಾಗ, ಸುರಿಯುವ ಮಳೆಯಲ್ಲೇ ಲೈನ್‌ಮನ್ ಕಂಬ ಹತ್ತುತ್ತಾರೆ. ಆಗ ಯಾವುದೋ ಮನೆಯ ಚಾವಣಿಯಿಂದ 230 ವೋಲ್ಟ್ ಹಿಮ್ಮುಖವಾಗಿ ಹರಿದರೆ, ಊರಿನ ಟ್ರಾನ್ಸ್‌ಫಾರ್ಮರ್ ಅದನ್ನೇ 11,000 ವೋಲ್ಟ್‌ಗೆ ಏರಿಸಬಲ್ಲದು. ಎಂಜಿನಿಯರಿಂಗ್ ವಿದ್ಯಾರ್ಥಿಯಾಗಿ ನನ್ನನ್ನು ಹೆಚ್ಚು ಕಾಡುವುದು ಇದೇ: ಈ ರಕ್ಷಣೆಯನ್ನು ತಪ್ಪಿಸುವ ಅಡ್ಡದಾರಿಯನ್ನು ಯಾರೂ ಹುಡುಕಬಾರದು.

ಕತ್ತಲೆಗೆ ಪರಿಹಾರ ಬೇಕಾದವರು ಬ್ಯಾಟರಿ ಸಹಿತ ಹೈಬ್ರಿಡ್ ಇನ್ವರ್ಟರ್ (ಕರೆಂಟ್ ಹೋದಾಗ ಲೈನ್‌ನಿಂದ ಬೇರ್ಪಟ್ಟು ಮನೆಗಷ್ಟೇ ವಿದ್ಯುತ್ ಕೊಡುವ ಸಾಧನ) ಕೇಳಬೇಕು. ಸಹಾಯಧನದ ಲೆಕ್ಕ ಘಟಕದ ಕಿಲೋವಾಟ್ ಸಾಮರ್ಥ್ಯದ ಮೇಲೆಯೇ ಹೊರತು ಬ್ಯಾಟರಿಯ ಮೇಲಲ್ಲ. ಜುಲೈ ತಿಂಗಳ ದಟ್ಟ ಮೋಡದಡಿ ಉತ್ಪಾದನೆಯೂ ತೀರಾ ಇಳಿಯುವುದರಿಂದ, ಮನೆಗೆ ಬೇಕಾದಷ್ಟು ಬ್ಯಾಟರಿ ತುಂಬುವ ಭರವಸೆಯಿಲ್ಲ. ಬೇಸಿಗೆಯಲ್ಲಿ ಗ್ರಿಡ್‌ಗೆ ಕೊಟ್ಟ ಯೂನಿಟ್‌ಗಳಿಂದ ಬಿಲ್ಲು ಇಳಿಯುವುದೇ ಈ ಯೋಜನೆಯ ನಿಜವಾದ ಲಾಭ.