ಆಸ್ಟಿನ್ನಿನ ಗೂಡಿನ ಹಾವು, ಮಂಡ್ಯದ ಬದುವಿನ ಹಾವು

ಕಳೆದ ತಿಂಗಳು ಮೈಸೂರಿನಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ಕುವೆಂಪುನಗರದಲ್ಲಿ ರೂಮು ಮಾಡಿಕೊಂಡು ಎಂಜಿನಿಯರಿಂಗ್ ಓದುತ್ತಿರುವ ಹುಡುಗ. ಅದೂ ಇದೂ ಮಾತಾಡಿ ಕೊನೆಗೆ, "ಅಣ್ಣ, ನಿಮ್ಮ ಕಡೆ ಮನೇಲಿ ಬುಲ್ ಸ್ನೇಕ್ ಸಾಕ್ತಾರಂತಲ್ಲ, ಒಂದು ಮರಿ ಇಲ್ಲಿಗೆ ತರಿಸ್ಕೊಳ್ಳೋಕಾಗುತ್ತಾ?" ಎಂದ. ಆಗಲ್ಲ ಕಣೋ ಎಂದೆ. "ಹಂಗಾದ್ರೆ ಊರಲ್ಲಿ ಒಂದು ಕೇರೆಹಾವಿನ ಮರೀನೇ ಹಿಡ್ಕೊಂಡು ಬಂದು ಸಾಕ್ಲಾ? ಅದಕ್ಕೂ ವಿಷ ಇಲ್ವಲ್ಲ." ಅದೂ ಬೇಡ ಎಂದೆ. ಯಾಕೆ ಬೇಡ ಎಂದು ಫೋನಿನಲ್ಲಿ ಸರಿಯಾಗಿ ಹೇಳಲಾಗಲಿಲ್ಲ. ಅವನಿಗೆ ಬೇಜಾರಾಯಿತು. ಅಂದಿನಿಂದ ಅದೇ ತಲೆಯಲ್ಲಿ ಕೂತಿದೆ.

ನಮ್ಮೂರು ಪಾಂಡವಪುರ ತಾಲ್ಲೂಕು, ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿಯುವ ಊರು. ನಾನು ಟೆಕ್ಸಸ್ಸಿನ ಆಸ್ಟಿನ್ ಸೇರಿ 14 ವರ್ಷವಾಯಿತು. ನಮ್ಮ ಪಕ್ಕದ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಅವರ ಗ್ಯಾರೇಜಿನಲ್ಲಿ ಕಾರಿಲ್ಲ, ಹಾವುಗಳಿವೆ. ಬುಲ್ ಸ್ನೇಕು, ಗೋಫರ್ ಸ್ನೇಕು, ಪೈನ್ ಸ್ನೇಕು, ಎಲ್ಲ ಒಂದೇ ಬಳಗದವು, ಯಾವುದಕ್ಕೂ ಮನುಷ್ಯನಿಗೆ ಆಪತ್ತು ತರುವ ವಿಷವಿಲ್ಲ. ಮೊದಲ ಸಲ ಮಗಳನ್ನು ಕರೆದುಕೊಂಡು ಹೋದಾಗ ನಾನು ಬಾಗಿಲಲ್ಲೇ ನಿಂತಿದ್ದೆ. ಹಾವೆಂದರೆ ಊರಿನ ಭಯ ಮೈಯಲ್ಲೇ ಇರುತ್ತದೆ, ವೀಸಾ ಸಿಕ್ಕಿತೆಂದು ಅದು ಹೋಗುವುದಿಲ್ಲ.

ಗೋಫರ್ ಅಂದರೆ ಹೊಲದಲ್ಲಿ ಬಿಲ ತೋಡಿ ಬೇರು ಕಡಿಯುವ ಒಂದು ದಂಶಕ, ನಮ್ಮ ಹೆಗ್ಗಣದ ಹಾಗೆ ರೈತನ ತಲೆನೋವು. ಅದನ್ನು ಬಿಲಕ್ಕೇ ನುಗ್ಗಿ ಹಿಡಿಯುವುದರಿಂದ ಹಾವಿಗೂ ಅದೇ ಹೆಸರು. ಬಿಲದೊಳಗೆ ಸುತ್ತಿ ಬಿಗಿಯಲು ಜಾಗವಿರುವುದಿಲ್ಲ. ಆಗ ಮೈಯಿಂದ ಬೇಟೆಯನ್ನು ಗೋಡೆಗೆ ಒತ್ತಿ ಹಿಡಿದೇ ಕೊಲ್ಲುತ್ತದೆ. ನಮ್ಮ ಕೇರೆಗೆ ಸುತ್ತಿ ಬಿಗಿಯುವ ಅಭ್ಯಾಸವೇ ಇಲ್ಲ, ಅದೂ ಇಲಿಯನ್ನು ಮೈಯಿಂದ ಅದುಮಿಟ್ಟುಕೊಂಡು ನುಂಗುತ್ತದೆ. ಹೆದರಿದಾಗಲೂ ಎರಡರದ್ದೂ ಹೆಚ್ಚುಕಮ್ಮಿ ಒಂದೇ ಆಟ. ಬುಲ್ ಸ್ನೇಕಿನ ಗಂಟಲ ಬಾಯಲ್ಲಿ ಮೆದು ಎಲುಬಿನ ಒಂದು ಸಣ್ಣ ಪಟ್ಟಿ ಇದೆ, ಉಸಿರು ಜೋರಾಗಿ ಹೊರಗೆ ಬಂದಾಗ ಅದು ಅದುರಿ ಬುಸ್ ಎನ್ನುವ ಸದ್ದು ಗ್ಯಾರೇಜು ತುಂಬುತ್ತದೆ. ತಲೆ ಚಪ್ಪಟೆ ಮಾಡಿ ಒಣಗಿದೆಲೆಯ ಮೇಲೆ ಬಾಲ ಬಡಿದರೆ, ಬಾಲದಲ್ಲಿ ಗಿಲಕಿ ಇರುವ ವಿಷದ ಹಾವು ರ‍್ಯಾಟಲ್ ಸ್ನೇಕೇ ಬಂತೇನೋ ಎನ್ನಬೇಕು. ಕೇರೆಯೂ ಕತ್ತು ಉಬ್ಬಿಸಿ ಗುರುಗುಡುತ್ತದೆ. ವಿಷದ ಹಾವಿನಂತೆ ಕಂಡು ಜೀವ ಉಳಿಸಿಕೊಳ್ಳಲು ಕಲಿತ ಪಾಡು ಇದು. ಮನುಷ್ಯನ ಮುಂದೆ ಮಾತ್ರ ಅದರಿಂದಲೇ ಜೀವ ಹೋಗುತ್ತದೆ. ಟೆಕ್ಸಸ್ಸಿನಲ್ಲಿ ರ‍್ಯಾಟಲ್ ಸ್ನೇಕ್ ಎಂದು ಬುಲ್ ಸ್ನೇಕನ್ನು ಸಲಿಕೆಯಲ್ಲಿ ಕಡಿಯುತ್ತಾರೆ. ಮಂಡ್ಯದಲ್ಲಿ ನಾಗರಹಾವು ಎಂದು ಕೇರೆಯನ್ನು ದೊಣ್ಣೆಯಲ್ಲಿ ಬಡಿಯುತ್ತಾರೆ.

ಮೇಷ್ಟ್ರು ಮರಿ ಮಾಡಿಸುವ ರೀತಿ ನೋಡಿದ ಮೇಲೆ ನನ್ನ ಭಯ ನಿಧಾನಕ್ಕೆ ಇಳಿಯಿತು. ಚಳಿಗಾಲಕ್ಕೆ ಮುಂಚೆ ಹಾವುಗಳಿಗೆ ಊಟ ನಿಲ್ಲಿಸಿ, ಹೊಟ್ಟೆ ಪೂರ್ತಿ ಖಾಲಿಯಾಗಲು ಬಿಡುತ್ತಾರೆ. ಹೊಟ್ಟೆಯಲ್ಲಿ ಏನಾದರೂ ಉಳಿದರೆ ಚಳಿಗೆ ಅರಗದೆ ಒಳಗೇ ಕೊಳೆಯುತ್ತದಂತೆ. ಆಮೇಲೆ ಎರಡು ಮೂರು ತಿಂಗಳು 10ರಿಂದ 13 ಡಿಗ್ರಿಯ ತಂಪಿನಲ್ಲಿ, ಕತ್ತಲಲ್ಲಿ, ಬರೀ ನೀರಿಟ್ಟು ಮಲಗಿಸುತ್ತಾರೆ. ಈ ಚಳಿ ಕಂಡರೆ ಗಂಡಿನ ಬೀಜವೂ ಹೆಣ್ಣಿನ ಮೊಟ್ಟೆಯೂ ಸರಿಯಾಗಿ ಕೂಡುತ್ತವೆ. ವಸಂತದಲ್ಲಿ ಜೋಡಿ ಮಾಡಿಸುವುದು. ಹೆಣ್ಣು ಪೊರೆ ಬಿಟ್ಟಿತೆಂದರೆ ಮೊಟ್ಟೆಯ ಕಾಲ ಹತ್ತಿರವಾಯಿತು. ಒಂದೊಂದು ಹಾವಿಗೂ ಒಂದೊಂದು ಕಾರ್ಡು: ಯಾವ ದಿನ ತಿಂತು, ಎಷ್ಟು ತೂಕ, ಯಾವಾಗ ಪೊರೆ ಬಿಟ್ಟಿತು, ಪೊರೆಗೆ ಮುಂಚೆ ಕಣ್ಣು ಯಾವಾಗ ಮಂಜಾಯಿತು. ಕೊಡುವುದು ಫ್ರೀಜರಿನ ಇಲಿ, ಬಿಸಿನೀರಲ್ಲಿ ಕರಗಿಸಿ. ಜೀವಂತ ಇಲಿ ಬಿಟ್ಟರೆ ಹಸಿವಿಲ್ಲದ ಹಾವನ್ನು ಅದೇ ಕಡಿದು ಗಾಯ ಮಾಡುತ್ತದೆ.

ಅವರ ಮೊಟ್ಟೆಯ ಡಬ್ಬಿ ನೋಡಿದ ದಿನ ನಾನು ತುಂಬ ಹೊತ್ತು ಸುಮ್ಮನಿದ್ದೆ. ಹನ್ನೊಂದು ಮೊಟ್ಟೆ, ಬಿಳಿ, ಉದ್ದುದ್ದ, ಚರ್ಮದ ಹಾಗೆ ಮೆದು, ಒಂದಕ್ಕೊಂದು ಅಂಟಿ ಗೊಂಚಲಾಗಿದ್ದವು. ಪ್ರತಿಯೊಂದರ ನೆತ್ತಿಯ ಮೇಲೆ ಪೆನ್ಸಿಲ್ಲಿನ ಗುರುತು, ಮಗುಚಿದರೆ ಒಳಗಿನ ಮರಿ ಸಾಯಬಹುದೆಂದು. ಎರಡು ತಿಂಗಳ ಮೇಲೆ ಒಂದು ಮೊಟ್ಟೆಯಲ್ಲಿ ಬ್ಲೇಡು ಎಳೆದಂಥ ಗೀರು ಕಂಡಿತು. ಮೂತಿಯ ತುದಿಯಲ್ಲಿರುವ ಒಂದು ಸಣ್ಣ ಹಲ್ಲಿನಿಂದ ಮರಿ ತಾನೇ ಸೀಳಿಕೊಳ್ಳುತ್ತದೆ. ಸೀಳಿದ ಮೇಲೂ ಆತುರವಿಲ್ಲ. ತಲೆಯಷ್ಟೇ ಹೊರಗಿಟ್ಟು, ಉಳಿದ ಮೊಟ್ಟೆಯ ಹಳದಿ ಹೀರಿ ಮುಗಿಯುವ ತನಕ ಇಡೀ ದಿನ ಹಾಗೇ ನಮ್ಮನ್ನು ನೋಡುತ್ತ ಕೂತಿತ್ತು. ಮಗಳು ಬೆರಳು ಹತ್ತಿರ ತಂದಾಗ ಹೆಬ್ಬೆರಳ ಉಗುರಿನಷ್ಟು ತಲೆಯ ಆ ಜೀವ ಬುಸ್ ಎಂದಿತು.

ಅಂಥದೇ ಗೊಂಚಲನ್ನು ನಾನು ಹತ್ತು ವರ್ಷದವನಿದ್ದಾಗ ನೋಡಿದ್ದೆ. ಗದ್ದೆಗೆ ಗೊಬ್ಬರ ಹೊಡೆಯಲು ತಿಪ್ಪೆ ಅಗೆಯುತ್ತಿದ್ದರು. ಗುದ್ದಲಿಗೆ ಮೊಟ್ಟೆಗಳು ಸಿಕ್ಕವು. "ಹಾವಿನ್ ಮೊಟ್ಟೆ ಕಣ್ಲಾ, ದೂರ ನಿಂತ್ಕೊ" ಎಂದು ಯಾರೋ ಕೂಗಿದರು. ಯಾವ ಹಾವಿನದು ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಎತ್ತಿ ರಸ್ತೆಗೆ ಎಸೆದರು. ಒಡೆದದ್ದರಲ್ಲಿ ಒಂದು ಮರಿ ಸ್ವಲ್ಪ ಹೊತ್ತು ಆಡಿತು. ಅವು ಕೇರೆಯ ಮೊಟ್ಟೆಯೇ ಇರಬೇಕು ಎಂದು ಆಸ್ಟಿನ್ನಿನ ಗ್ಯಾರೇಜಿನಲ್ಲಿ ನಿಂತು ಅನ್ನಿಸಿತು. ಅದೇ ತಿಪ್ಪೆಯ ಸುತ್ತ ದೊಡ್ಡ ಕೇರೆಯೊಂದು ವರ್ಷಗಟ್ಟಲೆ ಓಡಾಡಿಕೊಂಡಿತ್ತು.

ನಮ್ಮ ಜನರನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಬರಿಗಾಲಲ್ಲಿ ರಾತ್ರಿ ನೀರು ಕಟ್ಟಲು ಹೋಗುವವನ ಭಯಕ್ಕೆ ಕಾರಣವಿದೆ. ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂಬ ಅಂದಾಜಿದೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು ಒಳ್ಳೆಯ ಕೆಲಸ. ಕಬ್ಬಿನ ಗದ್ದೆಯಲ್ಲಿ ಕೊಳಕುಮಂಡಲ ತುಳಿದವನಿಗೆ ಹಾವಿನ ಮೇಲೆ ಪ್ರೀತಿ ಇಟ್ಟುಕೋ ಎಂದು ಅಮೆರಿಕದಿಂದ ಹೇಳುವುದು ತಪ್ಪು. ಅಮೆರಿಕವೇನೂ ಪುಣ್ಯಭೂಮಿಯಲ್ಲ. ಇದೇ ಟೆಕ್ಸಸ್ಸಿನ ಸ್ವೀಟ್‌ವಾಟರ್ ಊರಲ್ಲಿ 1958ರಿಂದ ಪ್ರತಿ ಮಾರ್ಚಿಗೆ ರ‍್ಯಾಟಲ್ ಸ್ನೇಕುಗಳನ್ನು ರಾಶಿರಾಶಿ ಹಿಡಿದು ತಂದು ಜಾತ್ರೆ ಮಾಡಿ ಕೊಲ್ಲುತ್ತಾರೆ. ಒಂದು ಮನೆಯ ಗ್ಯಾರೇಜಿನಲ್ಲಿ ಹಾವಿಗೆ ಹೆಸರಿದೆ, ಕಾರ್ಡಿದೆ, ಪಶುವೈದ್ಯರಿದ್ದಾರೆ. ಕೆಲವು ಗಂಟೆಯ ದಾರಿಯಲ್ಲಿ ಹಾವಿನ ಕುಲದ್ದೇ ಇನ್ನೊಂದು ಜೀವ ಚರ್ಮ ಸುಲಿಸಿಕೊಳ್ಳುತ್ತದೆ. ನಮ್ಮಲ್ಲಿ ಷಷ್ಠಿಯ ದಿನ ಹುತ್ತಕ್ಕೆ ತನಿ ಎರೆಯುವ ಕೈಯಾದರೂ ನಾಗರಹಾವಿಗೆ ದೊಣ್ಣೆ ಎತ್ತುವ ಮುಂಚೆ ಒಂದು ಕ್ಷಣ ತಡೆಯುತ್ತದೆ. ಕೇರೆಗೆ ಆ ಭಾಗ್ಯವೂ ಇಲ್ಲ.

ಈಗ ತಮ್ಮನ ಪ್ರಶ್ನೆಗೆ ಬರುತ್ತೇನೆ. ಪೆಟ್ಟಿಗೆಯಲ್ಲಿ ಹಾವು ಸಾಕುವುದೇ ಪಾಪ ಎಂದು ನಾನು ಹೇಳುವುದಿಲ್ಲ. ಬುಲ್ ಸ್ನೇಕಿನ ನಂಟನಾದ ಲೂಸಿಯಾನಾ ಪೈನ್ ಸ್ನೇಕ್ ಇದಕ್ಕೆ ಸಾಕ್ಷಿ. ಅದರ ಲಾಂಗ್‌ಲೀಫ್ ಪೈನ್ ಕಾಡು ಕಡಿದು ಹೋಯಿತು, ಕಾಡಿಗೆ ಬೇಕಾದ ಆಗಾಗಿನ ನೆಲಬೆಂಕಿಯೂ ನಿಂತಿತು, ಗೋಫರ್ ಕಡಿಮೆಯಾಯಿತು, ಹಾವು ಅಳಿವಿನಂಚಿಗೆ ಬಂತು. 2018ರಲ್ಲಿ ಅದನ್ನು ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಿದರು. ಒಂದು ಸೂಲಿಗೆ ಅದು ಇಡುವುದು ಬರೀ ಮೂರರಿಂದ ಐದು ಮೊಟ್ಟೆ, ಆದರೆ ಒಂದೊಂದೂ ಸುಮಾರು ಅರ್ಧ ಗೇಣು ಉದ್ದ. ಅದನ್ನು ಮೃಗಾಲಯಗಳಲ್ಲಿ ಮರಿ ಮಾಡಿಸಿ 2010ರಿಂದ ಲೂಸಿಯಾನಾದ ಕಿಸಾಚಿ ಕಾಡಿಗೆ ಬಿಡುತ್ತಿದ್ದಾರೆ. ಆ ಕೆಲಸಕ್ಕೆ ಬೇಕಾದ್ದು ನಮ್ಮ ಮೇಷ್ಟ್ರ ಕಾರ್ಡಿನಲ್ಲಿರುವಂಥದ್ದೇ ತಿಳಿವಳಿಕೆ. ಹೊಲ ಕಳೆದುಕೊಂಡ ಹಾವಿಗೆ ಪೆಟ್ಟಿಗೆ ಆಸರೆಯಾಯಿತು, ಸರಿ. ನಮ್ಮ ಕೇರೆಗೆ ಹೊಲ ಇನ್ನೂ ಇದೆ. ಭತ್ತದ ಬದು, ಕಬ್ಬಿನ ಸಾಲು, ನಾಲೆಯ ಏರಿ, ಹಿತ್ತಲ ಸೌದೆ ಒಟ್ಟಿಲು, ಎಲ್ಲ ಅದರದೇ. ಆರೇಳು ಅಡಿ ಬೆಳೆದು, ಹಗಲಲ್ಲಿ ಹೊಲ ಸುತ್ತುವ ಜೀವವನ್ನು ನಾಲ್ಕಡಿ ಗಾಜಿನಲ್ಲಿ ಇಟ್ಟರೆ ಅದು ಮೂತಿ ಉಜ್ಜಿ ಉಜ್ಜಿ ಗಾಯ ಮಾಡಿಕೊಳ್ಳುತ್ತದೆ. ಬದುವಿನಿಂದ ತಂದ ಒಂದೊಂದು ಕೇರೆಗೂ ಚಿಕ್ಕಪ್ಪನ ಗದ್ದೆಯಲ್ಲಿ ಹೆಗ್ಗಣ ಹೆಚ್ಚುತ್ತದೆ, ಅದಕ್ಕೆ ಪಾಷಾಣ ಇಡಬೇಕು, ಪಾಷಾಣಕ್ಕೆ ನಾಯಿ ಬೆಕ್ಕು ಬಲಿ. ಇದರ ಜೊತೆ ಕಾನೂನೂ ಇದೆ, ಕೇರೆಹಾವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ, ಹಿಡಿದು ಸಾಕುವುದು ಅಪರಾಧ. ಈ ಒಂದು ವಿಷಯದಲ್ಲಿ ನಮ್ಮ ಕಾನೂನು ಅಮೆರಿಕದ್ದಕ್ಕಿಂತ ಮೇಲು ಎಂದೇ ನನ್ನ ನಂಬಿಕೆ.

ವಿದೇಶಿ ಹಾವು ತರಿಸುವುದು ಇನ್ನೂ ಬೇಡ. ಮೈಸೂರಿನ ಚಳಿ ಎಷ್ಟೇ ಎಂದರೂ ಅದಕ್ಕೆ ಬೇಕಾದ ಚಳಿಯಲ್ಲ. ಮೂರು ತಿಂಗಳು ಯಂತ್ರವಿಟ್ಟೇ ತಣ್ಣಗೆ ಮಾಡಬೇಕು, ನಡುವೆ ಕರೆಂಟು ಹೋದರೆ ಯಾರು ನೋಡುವವರು? ತಪ್ಪಿಸಿಕೊಂಡರೆ ಇನ್ನೂ ಕಷ್ಟ. ಇದೇ ಬಳಗದ ಕ್ಯಾಲಿಫೋರ್ನಿಯಾ ಕಿಂಗ್ ಸ್ನೇಕನ್ನು ಸ್ಪೇನಿನ ಗ್ರಾನ್ ಕನಾರಿಯಾ ದ್ವೀಪದಲ್ಲಿ ಜನ ಪ್ರೀತಿಗೆಂದೇ ಸಾಕಿದರು. ತಪ್ಪಿಸಿಕೊಂಡವು ಹೆಚ್ಚಿಕೊಂಡು, ಬೇರೆಲ್ಲೂ ಇಲ್ಲದ ಅಲ್ಲಿನ ದೊಡ್ಡ ಹಲ್ಲಿಗಳನ್ನು ಗುಡ್ಡಗುಡ್ಡವೇ ಖಾಲಿಯಾಗುವಂತೆ ತಿಂದುಹಾಕಿದವು. ಇನ್ನೊಂದು ಮಾತು, ಇದನ್ನು ಅನುಭವದಿಂದ ಹೇಳುತ್ತೇನೆ. ಬುಲ್ ಸ್ನೇಕ್ 20 ವರ್ಷ ಬದುಕಬಲ್ಲದು. ತಮ್ಮಾ, ನೀನು ಓದು ಮುಗಿಸಿ ಬೆಂಗಳೂರಿಗೋ ನಾನು ಬಂದಂತೆ ಹೊರದೇಶಕ್ಕೋ ಹೋಗುತ್ತೀಯ. ಆಮೇಲೆ ಆ ಹಾವನ್ನು ಚಿಕ್ಕಮ್ಮ ನೋಡಿಕೊಳ್ಳಬೇಕೇ?

ಅಮೆರಿಕದ ಗ್ಯಾರೇಜಿನಿಂದ ಊರಿಗೆ ತರಬೇಕಾದ್ದು ಆ ಕಾರ್ಡು. ಹಾವನ್ನು ಮುಟ್ಟದೆ, ದಿನಾ ನೋಡಿ, ಬರೆದಿಡುವ ಅಭ್ಯಾಸ. ಮೈಸೂರಿನಲ್ಲಿ ಮನೆಗೆ ಹಾವು ಬಂದರೆ ಸ್ನೇಕ್ ಶ್ಯಾಮ್ ಅವರನ್ನು ಕರೆಯುವುದು ಎಷ್ಟೋ ಕಾಲದಿಂದ ಜನಕ್ಕೆ ರೂಢಿಯಾಗಿದೆ. ನಮ್ಮ ಹಳ್ಳಿಗೆ ಯಾರಾದರೂ ಬರುವಷ್ಟರಲ್ಲಿ ದೊಣ್ಣೆಯ ಕೆಲಸ ಮುಗಿದಿರುತ್ತದೆ. ಅಲ್ಲಿ ಬೇಕಾದ್ದು ಹತ್ತು ಹೆಜ್ಜೆ ದೂರದಿಂದ ಗುರುತು ಹಿಡಿಯುವ ಕಣ್ಣು. ಕೇರೆಗೆ ದೊಡ್ಡ ಕಣ್ಣು, ಸಣ್ಣ ಕತ್ತು, ತುಟಿಯಂಚಿನಲ್ಲಿ ನಿಂತ ಕಪ್ಪು ಗೆರೆಗಳು, ಬಾಲದ ಕಡೆಗೆ ಕಪ್ಪು ಪಟ್ಟೆ. ಹೆಡೆ ಇಲ್ಲ. ಗುರುತು ಸಿಗದಿದ್ದರೆ ಹಿಂದೆ ಸರಿದು ದಾರಿ ಬಿಟ್ಟರಾಯಿತು, ಬಡಿಯಲು ಹತ್ತಿರ ಹೋದಾಗಲೇ ಎಷ್ಟೋ ಜನ ಕಚ್ಚಿಸಿಕೊಂಡಿದ್ದಾರೆ.

ಇದನ್ನೆಲ್ಲ ತಮ್ಮನಿಗೆ ಬರೆದು ಕಳಿಸಿದ್ದೆ. ಉತ್ತರ ಬರಲಿಲ್ಲ. ಎರಡು ವಾರದ ಮೇಲೆ ಒಂದು ಫೋಟೋ ಬಂತು. ಊರಿನ ಪಂಪ್‌ಸೆಟ್ ಮನೆಯ ಪಕ್ಕ ಬೇಲಿಗೆ ಸಿಕ್ಕಿಕೊಂಡಿದ್ದ ಪೊರೆ, ಗಾಳಿಗೆ ಉಬ್ಬಿ ನಿಂತಿದೆ. ಚಿಕ್ಕಪ್ಪ ನಾಗರದ್ದೇ ಎಂದರಂತೆ, ಬಿಲ ಮುಚ್ಚಲು ಆಳಿಗೆ ಹೇಳಿದ್ದರಂತೆ. ಮೇಷ್ಟ್ರು ನನಗೆ ಪೊರೆಯಲ್ಲಿ ಶಲ್ಕದ, ಅಂದರೆ ಮೈಮೇಲಿನ ಹುರುಪೆಗಳ, ಸಾಲು ಎಣಿಸುವುದನ್ನು ಕಲಿಸಿದ್ದರು. ನಡುಮೈಯಲ್ಲಿ ಒಂದು ಪಕ್ಕದ ಹೊಟ್ಟೆಯ ಅಂಚಿನಿಂದ ಬೆನ್ನು ದಾಟಿ ಇನ್ನೊಂದು ಅಂಚಿನವರೆಗೆ ಓರೆಯಾಗಿ ಎಣಿಸು, ನಾಗರಕ್ಕೆ ಇಪ್ಪತ್ತರ ಮೇಲೆ ಬರುತ್ತದೆ, ಕೇರೆಗೆ 16 ಅಥವಾ 17 ಎಂದು ಬರೆದೆ.

ಅರ್ಧ ಗಂಟೆ ಬಿಟ್ಟು ಫೋನೇ ಬಂತು. ಹಿಂದೆ ಚಿಕ್ಕಪ್ಪನ ದನಿ, "ಸರ‍್ಯಾಗಿ ಎಣ್ಸ್ಲಾ, ಅವಸ್ರ ಮಾಡ್ಬ್ಯಾಡ" ಎನ್ನುತ್ತಿತ್ತು. "ಮೂರ್ ಸಲ ಎಣ್ಸುದ್ವಿ ಅಣ್ಣ," ಎಂದ ತಮ್ಮ, "ಹದಿನೇಳು. ಅಪ್ಪ ಆಳಿಗೆ ಬಿಲ ಮುಚ್ಬ್ಯಾಡ ಅಂದ್ರು."